ಮನೆಯೊಳಗಿನ ಬೇತ್ಲೆಹೇಮು

ಫ್ರಾನ್ಸ್ ದೇಶದ ಆಗ್ನೇಯ ಮೂಲೆಯಲ್ಲಿ, ರೋನ್ ನದಿಯು ಸಮುದ್ರವನ್ನು ಸೇರುವ ಎಡೆಯಿಂದ ಮೊದಲುಗೊಂಡು ಆಲ್ಪ್ಸ್ ಪರ್ವತದ ತಪ್ಪಲಿನವರೆಗೆ ಹಬ್ಬಿರುವ ಸೀಮೆಗೆ ಪ್ರೊವಾನ್ಸ್ ಎಂದು ಹೆಸರು. ಆಲಿವ್ ತೋಪುಗಳು, ದ್ರಾಕ್ಷಿಯ ತೋಟಗಳು, ಸುಣ್ಣಕಲ್ಲಿನ ಬೋಳುಗುಡ್ಡಗಳು, ಆ ಗುಡ್ಡಗಳ ಇಳಿಜಾರಿನಲ್ಲಿ ಯಾರೂ ಬಿತ್ತದೆ ತಾವಾಗಿ ಬೆಳೆಯುವ ಸುವಾಸನೆಯ ಗಿಡಗಳು—ಇವು ಆ ನಾಡಿನ ಲಕ್ಷಣಗಳು. ಉತ್ತರ ಯೂರೋಪಿನ ಮನೆಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ದೀಪಗಳ ಮರವು ಹೇಗೆ ಮುಖ್ಯವೋ ಹಾಗೆ ಪ್ರೊವಾನ್ಸಿನ ಮನೆಗಳಲ್ಲಿ ಗೋದಲಿಯು ಮುಖ್ಯವಾದುದು. ಮರವೂ ಕಾಲಕ್ರಮದಲ್ಲಿ ಅಲ್ಲಿಗೆ ಬಂದಿತು. ಆದರೆ ಅದು ಬಂದ ನೆಂಟ, ಗೋದಲಿಯು ಮನೆಯ ಮಗಳು.

ಗೋದಲಿಯೆಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಯೇಸುವಿನ ತಾಯಿಯು ಛತ್ರದಲ್ಲಿ ಸ್ಥಳ ದೊರೆಯದೆ ಹಸುಗೂಸನ್ನು ಮಲಗಿಸಿದುದು ಇಂಥ ತೊಟ್ಟಿಯಲ್ಲಿ ಎಂದು ಲೂಕನ ಸುವಾರ್ತೆಯು ಹೇಳುತ್ತದೆ. ಕನ್ನಡ ಬೈಬಲಿನಲ್ಲಿ ಅದಕ್ಕೆ ಗೋದಲಿಯೆಂಬ ಮಾತನ್ನೇ ಬಳಸಿದೆ. ಆ ತೊಟ್ಟಿಯ ಸುತ್ತ ಕಟ್ಟುವ ಇಡಿಯ ದೃಶ್ಯಕ್ಕೂ ಮುಂದೆ ಅದೇ ಹೆಸರು ಅಂಟಿಕೊಂಡಿತು. ಫ್ರೆಂಚರ ಕ್ರೆಷ್ ಎಂಬ ಮಾತಿನ ಕಥೆಯೂ ಹೀಗೆಯೇ: ಮೊದಲು ಮೇವಿನ ತೊಟ್ಟಿ, ಆಮೇಲೆ ಇಡಿಯ ದೃಶ್ಯ. ಪದ್ಧತಿಯಂತೆ ಗೋದಲಿಯಲ್ಲಿ ಎತ್ತು ಕತ್ತೆಗಳು ನಿಲ್ಲಲೇಬೇಕು. ಸುವಾರ್ತೆಗಳಲ್ಲಿ ಮಾತ್ರ ಇವೆರಡರ ಸುದ್ದಿಯೇ ಇಲ್ಲ. ಪ್ರವಾದಿ ಯೆಶಾಯನ ಒಂದು ಮಾತಿನಿಂದ ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿದವರು ಮುಂದಿನ ಕಾಲದ ಭಕ್ತರು. ಗ್ರಂಥದಲ್ಲಿ ಇಲ್ಲದುದನ್ನು ಪ್ರೀತಿಯಿಂದ ಸೇರಿಸುವ ಈ ಗುಣವು ಪ್ರೊವಾನ್ಸಿನ ಜನರ ಕೈಯಲ್ಲಿ ಎಷ್ಟು ದೂರ ಹೋಯಿತೆಂಬುದೇ ಇಲ್ಲಿಯ ವಿಷಯ.

ಹಬ್ಬದ ಕೆಲಸವು ಡಿಸೆಂಬರ್ 4ನೆಯ ತಾರೀಖಿಗೆ ಮೊದಲಾಗುತ್ತದೆ. ಅದು ಸಂತ ಬಾರ್ಬರೆಯ ದಿನ. ಅಂದು ಮನೆಯ ಮಕ್ಕಳು ಮೂರು ಸಣ್ಣ ತಟ್ಟೆಗಳಲ್ಲಿ ಒದ್ದೆಯ ಅರಳೆಯನ್ನು ಹಾಸಿ ಅದರ ಮೇಲೆ ಗೋಧಿಯ ಕಾಳನ್ನು ಹರಡುತ್ತಾರೆ. ಕೆಲವು ಮನೆಗಳಲ್ಲಿ ಚನ್ನಂಗಿಯ ಕಾಳನ್ನು ಬಳಸುವುದೂ ಉಂಟು. ದಿನವೂ ನೀರು ಚಿಮುಕಿಸಿ ಬೆಚ್ಚಗಿನ ಎಡೆಯಲ್ಲಿ ಇಟ್ಟರೆ ಹಬ್ಬದ ಹೊತ್ತಿಗೆ ಗೇಣುದ್ದದ ಹಸುರು ಪೈರು ಎದ್ದು ನಿಲ್ಲುತ್ತದೆ. ಪೈರು ನೆಟ್ಟಗೆ ಬೆಳೆದರೆ ಬರುವ ವರ್ಷದ ಬೆಳೆ ಚೆನ್ನಾಗಿ ಆಗುವುದೆಂದು ರೈತರ ನಂಬುಗೆ. ಬಾಗದಂತೆ ಅದಕ್ಕೆ ಒಂದು ಪಟ್ಟಿಯನ್ನು ಸುತ್ತಿ 24ನೆಯ ತಾರೀಖಿನ ರಾತ್ರಿ ಊಟದ ಮೇಜಿನ ಮೇಲೆ ಇಡುತ್ತಾರೆ. ಬಳಿಕ ಅದು ಗೋದಲಿಯ ಪಕ್ಕವನ್ನು ಸೇರಿ ಅಲ್ಲಿಯ ಗದ್ದೆಯಾಗುತ್ತದೆ.

ಗೋದಲಿಯನ್ನು ಕಟ್ಟುವುದಕ್ಕೆ ಅಂಗಡಿಯಿಂದ ತರಬೇಕಾದುದು ಬಹಳ ಕಡಮೆ. ಅಟ್ಟದ ಮೇಲಿನ ಹಲಗೆಯೊಂದನ್ನು ಇಳಿಸಿ, ಗೋಡೆಗೆ ಆನಿಸಿದ ಮೇಜಿನ ಮೇಲೆ ಹಾಸಿದರೆ ನೆಲ ಸಿದ್ಧವಾಯಿತು. ದಪ್ಪ ಕಾಗದವನ್ನು ಮುದುರಿ, ಕಂದು ಬೂದು ಬಣ್ಣಗಳನ್ನು ಬಳಿದು, ಅಡಿಯಲ್ಲಿ ಪೆಟ್ಟಿಗೆಯನ್ನೋ ಹಳೆಯ ಪುಸ್ತಕವನ್ನೋ ಇಟ್ಟು ಎತ್ತರಿಸಿದರೆ ಬೆಟ್ಟವಾಯಿತು. ಮಕ್ಕಳು ರಜೆಯ ದಿನ ಗುಡ್ಡಕ್ಕೆ ಹೋಗಿ ಬಂಡೆಗಳ ನೆರಳಿನಿಂದ ಪಾಚಿಯನ್ನು ಎಬ್ಬಿಸಿ ತರುತ್ತಾರೆ, ಅದು ಹುಲ್ಲುಗಾವಲು. ಥೈಮ್ ಎಂಬ ಸುವಾಸನೆಯ ಗಿಡದ ಒಂದು ಕಡ್ಡಿಯನ್ನು ನೆಟ್ಟರೆ ಅದರ ಗಂಟುಗಂಟಾದ ಕಾಂಡವೂ ಬೂದು ಹಸುರಿನ ಸಣ್ಣ ಎಲೆಗಳೂ ಹಳೆಯ ಆಲಿವ್ ಮರವನ್ನೇ ಹೋಲುತ್ತವೆ. ಒಡೆದ ಕನ್ನಡಿಯ ಚೂರು ಕೆರೆಯಾಗುತ್ತದೆ. ಚಾಕೊಲೇಟಿಗೆ ಸುತ್ತಿ ಬಂದ ಬೆಳ್ಳಿಯ ಕಾಗದವು ಹೊಳೆಯಾಗುತ್ತದೆ. ಬೆಟ್ಟದ ನೆತ್ತಿಯ ಮೇಲೆ ಒಂದು ಚಿಟಿಕೆ ಗೋಧಿಯ ಹಿಟ್ಟನ್ನು ಉದುರಿಸಿದರೆ ಹಿಮ. ಹಿಂದುಗಡೆ ನೀಲಿಯ ಕಾಗದದ ಆಕಾಶ, ಅದರಲ್ಲಿ ಕತ್ತರಿಯಿಂದ ಕತ್ತರಿಸಿದ ಚಿನ್ನದ ಬಣ್ಣದ ನಕ್ಷತ್ರ. ಕೊಟ್ಟಿಗೆಯನ್ನು ಬೆಂಡಿನ ತೊಗಟೆಯಿಂದ ಕಟ್ಟಿ ಒಣಹುಲ್ಲನ್ನು ಹೊದಿಸುತ್ತಾರೆ. ಮರುವರ್ಷ ಇವುಗಳಲ್ಲಿ ಯಾವುದೂ ಹಿಂದಿನ ವರ್ಷದ ಹಾಗೆ ಇರುವುದಿಲ್ಲ. ಹೊಳೆಯು ದಾರಿಯನ್ನು ಬದಲಿಸುತ್ತದೆ, ಬೆಟ್ಟವು ಎಡದಿಂದ ಬಲಕ್ಕೆ ಸರಿಯುತ್ತದೆ.

ಈ ಭೂಮಿಯ ಮೇಲೆ ನಿಲ್ಲುವವರು ಸಾಂತೋನರು. ಪ್ರೊವಾನ್ಸಾಲ್ ಭಾಷೆಯಲ್ಲಿ ಈ ಮಾತಿಗೆ ಪುಟ್ಟ ಸಂತನೆಂದು ಅರ್ಥ. ಇವು ಮಣ್ಣಿನ ಬೊಂಬೆಗಳು. ಕಾಳಿನಷ್ಟು ಸಣ್ಣವೂ ಉಂಟು, ಗೇಣುದ್ದದವೂ ಉಂಟು, ಹೆಚ್ಚಾಗಿ ಮನೆಗಳಲ್ಲಿ ಕಾಣುವುವು ಕಿರುಬೆರಳಿನಷ್ಟು ಉದ್ದದವು. ಮರಿಯಳೂ ಯೋಸೇಫನೂ ಮೊದಲಿನಿಂದಲೇ ಕೊಟ್ಟಿಗೆಯಲ್ಲಿ ಇರುತ್ತಾರೆ; ನಡುವಿನ ತೊಟ್ಟಿಯು ಮಾತ್ರ ಬರಿದು. 24ನೆಯ ತಾರೀಖಿನ ನಡುರಾತ್ರಿ ಶಿಶುವನ್ನು ತಂದು ಅದರಲ್ಲಿ ಮಲಗಿಸುತ್ತಾರೆ. ಈ ಕೆಲಸವು ಬಹುಮಟ್ಟಿಗೆ ಮನೆಯ ಅತ್ಯಂತ ಕಿರಿಯ ಮಗುವಿನದು. ಪೂರ್ವದೇಶದ ಮೂವರು ಅರಸರನ್ನು ಹಲಗೆಯ ಕೊನೆಯಲ್ಲಿಟ್ಟು ದಿನಕ್ಕೊಂದಿಷ್ಟು ಮುಂದೆ ಸರಿಸುತ್ತ ಜನವರಿ 6ನೆಯ ತಾರೀಖಿಗೆ ಕೊಟ್ಟಿಗೆಯ ಬಾಗಿಲಿಗೆ ಮುಟ್ಟಿಸುತ್ತಾರೆ. ಫೆಬ್ರವರಿ 2ರಂದು, ದೀಪಗಳ ಹಬ್ಬದ ದಿನ, ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವುದು ಸಂಪ್ರದಾಯ.

ಗೋದಲಿಯ ಮೂಲವನ್ನು ಅಸ್ಸೀಸಿಯ ಸಂತ ಫ್ರಾನ್ಸಿಸನಿಗೆ ಒಯ್ದು ಮುಟ್ಟಿಸುವುದು ವಾಡಿಕೆ. 1223ನೆಯ ಇಸವಿಯ ಕ್ರಿಸ್ಮಸ್ ರಾತ್ರಿ ಆತನು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ತುಂಬಿದ ತೊಟ್ಟಿಯನ್ನೂ ಜೀವಂತವಾದ ಎತ್ತು ಕತ್ತೆಗಳನ್ನೂ ತರಿಸಿ ಪೂಜೆಯನ್ನು ನಡೆಯಿಸಿದನು. ಆತನ ಚರಿತ್ರೆಯನ್ನು ಮೊದಲು ಬರೆದ ಚೆಲಾನೊದ ಥಾಮಸನು ಇದನ್ನು ವಿವರಿಸಿದ್ದಾನೆ. ಆದರೆ ಅಲ್ಲಿ ಬೊಂಬೆಗಳಿರಲಿಲ್ಲ. ಅದು ಮನೆಯೂ ಆಗಿರಲಿಲ್ಲ. ಬೊಂಬೆಗಳ ಗೋದಲಿಯು ದೇವಾಲಯಗಳಲ್ಲಿ ಮೆಲ್ಲಮೆಲ್ಲನೆ ಬೆಳೆದು, ಹದಿನೆಂಟನೆಯ ಶತಮಾನದಲ್ಲಿ ನೇಪಲ್ಸ್ ನಗರದಲ್ಲಿ ತನ್ನ ವೈಭವದ ತುದಿಯನ್ನು ಮುಟ್ಟಿತು. ಅಲ್ಲಿ ರಾಜನೂ ಶ್ರೀಮಂತರೂ ಒಬ್ಬರನ್ನೊಬ್ಬರು ಮೀರಿಸುವಂತೆ ರೇಷ್ಮೆ ತೊಡಿಸಿದ ನೂರಾರು ಬೊಂಬೆಗಳನ್ನು ಕೂಡಿಸಿದರು. 1787ರಲ್ಲಿ ನೇಪಲ್ಸಿನಲ್ಲಿದ್ದ ಗಯಟೆ ಕವಿಯು ತನ್ನ ಇಟಲಿಯ ಪ್ರವಾಸಗ್ರಂಥದಲ್ಲಿ ಇವುಗಳನ್ನು ಪ್ರಸ್ತಾಪಿಸಿದ್ದಾನೆ. ಪ್ರೊವಾನ್ಸಿನ ದೊಡ್ಡ ರೇವುಪಟ್ಟಣವಾದ ಮಾರ್ಸೇಲ್ಸಿನಲ್ಲಿಯೂ ಲೋರಾನ್ ಎಂಬೊಬ್ಬನು 1775ರ ಸುಮಾರಿನಲ್ಲಿ ಚಲಿಸುವ ಬೊಂಬೆಗಳ ಗೋದಲಿಯನ್ನು ಹೂಡಿ ಕಾಸು ಪಡೆದು ತೋರಿಸುತ್ತಿದ್ದನೆಂದು ಹೇಳುತ್ತಾರೆ. ನೋಡುವವರ ಬೆರಗಿಗಾಗಿ ಆತನು ಅದರಲ್ಲಿ ಜಿರಾಫೆಯನ್ನೂ ನೀರಾನೆಯನ್ನೂ ಸೇರಿಸಿದ್ದನಂತೆ! ಬೇತ್ಲೆಹೇಮಿಗೆ ನೀರಾನೆ ಬಂದುದನ್ನು ಕೇಳಿದ ಮೇಲೆ ಎತ್ತು ಕತ್ತೆಗಳ ಬಗೆಗೆ ಆಕ್ಷೇಪವೆತ್ತುವ ಪಂಡಿತನು ಸುಮ್ಮನಾಗಬೇಕಾದೀತು.

1789ರಲ್ಲಿ ಮಹಾಕ್ರಾಂತಿಯು ಮೊದಲಾಯಿತು. ಆರಂಭದಲ್ಲಿ ಹೊಸ ಸರಕಾರವು ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಪಾದ್ರಿಗಳಿಂದ ಪ್ರಮಾಣವಚನವನ್ನು ಬೇಡಿತು. 1793ರ ಚಳಿಗಾಲದ ಹೊತ್ತಿಗೆ ಧರ್ಮವನ್ನೇ ನೆಲದಿಂದ ಕಿತ್ತೊಗೆಯುವ ಉತ್ಸಾಹವು ದೇಶದ ಅನೇಕ ಭಾಗಗಳಲ್ಲಿ ಹರಡಿತು. ದೇವಾಲಯಗಳು ಮುಚ್ಚಲ್ಪಟ್ಟುವು, ಗಂಟೆಗಳನ್ನು ಇಳಿಸಿ ಕರಗಿಸಿದರು, ಪ್ಯಾರಿಸಿನ ನೋತ್ರದಾಮ್ ದೇವಾಲಯವು ಬುದ್ಧಿದೇವಿಯ ಮಂದಿರವಾಯಿತು. ಪಂಚಾಂಗವೂ ಬದಲಾಯಿತು. ಹೊಸ ಪಂಚಾಂಗದಲ್ಲಿ ಭಾನುವಾರವಿಲ್ಲ, ಸಂತರ ದಿನಗಳಿಲ್ಲ; ದಿನದಿನಕ್ಕೂ ಒಂದೊಂದು ಗಿಡದ, ಪ್ರಾಣಿಯ, ಇಲ್ಲವೆ ಉಪಕರಣದ ಹೆಸರು. 1793ರ ಡಿಸೆಂಬರ್ 25ನೆಯ ತಾರೀಖು ಅದರಂತೆ ನಿವೋಸ್ ಮಾಸದ ಐದನೆಯ ದಿನ. ಆ ದಿನಕ್ಕೆ ಬಂದ ಹೆಸರು ನಾಯಿ. ಮಾರ್ಸೇಲ್ಸ್ ನಗರಕ್ಕೆ ಇನ್ನೂ ಒಂದು ಅವಮಾನವು ಕಾದಿತ್ತು. ಆ ನಗರವು ಪ್ಯಾರಿಸಿನ ಅಧಿಕಾರಕ್ಕೆ ಎದುರಾಗಿ ದಂಗೆಯೆದ್ದುದರಿಂದ, ಅದನ್ನು ಹತೋಟಿಗೆ ತಂದ ಪ್ರತಿನಿಧಿಗಳು 1794ರ ಜನವರಿಯಲ್ಲಿ ಅದರ ಹೆಸರನ್ನೇ ಅಳಿಸಿ, ಅದನ್ನು ಹೆಸರಿಲ್ಲದ ನಗರವೆಂದು ಸಾರಿದರು. ಕೆಲವು ವಾರಗಳಲ್ಲಿ ಹೆಸರು ಹಿಂದಿರುಗಿತಾದರೂ ಆ ಚಳಿಗಾಲದಲ್ಲಿ ಅಲ್ಲಿ ಗಲ್ಲಿಗೆಯ ಕತ್ತಿಗೆ ಬಿಡುವಿರಲಿಲ್ಲ. ಅಂಥ ರಾತ್ರಿಗಳಲ್ಲಿ ನಡುರಾತ್ರಿಯ ಪೂಜೆಯೂ ಇಲ್ಲ, ದೇವಾಲಯದ ಗೋದಲಿಯೂ ಇಲ್ಲ.

ಇಲ್ಲಿಂದ ಮುಂದಿನ ಕಥೆಯನ್ನು ಪ್ರೊವಾನ್ಸಿನಲ್ಲಿ ಎಲ್ಲರೂ ಒಂದೇ ಬಗೆಯಾಗಿ ಹೇಳುತ್ತಾರೆ. ದೇವಾಲಯದ ಬಾಗಿಲು ಮುಚ್ಚಿದುದರಿಂದ ಜನರು ಕಿಟಕಿಯ ಪರದೆಗಳನ್ನು ಎಳೆದುಕೊಂಡು ತಮ್ಮ ಮನೆಗಳಲ್ಲಿಯೇ ಗುಟ್ಟಾಗಿ ಸಣ್ಣ ಗೋದಲಿಗಳನ್ನು ಕಟ್ಟಿದರು. ರೊಟ್ಟಿಯ ಹಿಟ್ಟಿನಿಂದಲೂ ಕಾಗದದ ಮುದ್ದೆಯಿಂದಲೂ ಜೇಡಿಮಣ್ಣಿನಿಂದಲೂ ಬೊಂಬೆಗಳನ್ನು ಮಾಡಿಕೊಂಡರು. ಹೀಗೆ ಮನೆಯ ಗೋದಲಿಯು ಹುಟ್ಟಿತು. ಇದು ಹೃದಯಂಗಮವಾದ ಕಥೆ. ಇದರಲ್ಲಿ ಸತ್ಯಾಂಶವೂ ಉಂಟು. ಆದರೆ ಚರಿತ್ರೆಯು ಇಷ್ಟು ನೇರವಾಗಿ ನಡೆಯುವುದು ಅಪರೂಪ. ಮಹಾಕ್ರಾಂತಿಗೆ ಮೊದಲೇ ಉಳ್ಳವರ ಮನೆಗಳಲ್ಲಿ ಗೋದಲಿಗಳಿದ್ದುವು. ನೆವೇರ್ ಪಟ್ಟಣದವರು ಕರಗಿಸಿದ ಗಾಜಿನ ಕಡ್ಡಿಗಳಿಂದ ಮಾಡುತ್ತಿದ್ದ ಪುಟ್ಟ ಬೊಂಬೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಹಜಾರದಲ್ಲಿ ಇಡುತ್ತಿದ್ದರು. ಇನ್ನೂ ಒಂದು ಮಾತು. ನೆಪೋಲಿಯನನು 1801ರಲ್ಲಿ ಪೋಪನೊಡನೆ ಒಡಂಬಡಿಕೆಯನ್ನು ಮಾಡಿಕೊಂಡನು; ಮರುವರ್ಷ ದೇವಾಲಯಗಳಲ್ಲಿ ಪೂಜೆಯು ಬಹಿರಂಗವಾಗಿ ನಡೆಯತೊಡಗಿತು. ಮನೆಯ ಗೋದಲಿಯು ನಿಷೇಧದ ಕೂಸು ಮಾತ್ರವಾಗಿದ್ದರೆ ಆಗ ಅದು ಮರೆಯಾಗಬೇಕಾಗಿತ್ತು. ನಡೆದುದು ಇದಕ್ಕೆ ವಿರುದ್ಧ: ಅದು ಊರೂರಿಗೆ ಹಬ್ಬಿದುದು ಆ ಬಳಿಕವೇ. ಹಾಗಾದರೆ ನಿಷೇಧದಷ್ಟೇ ಬಲವುಳ್ಳ, ಅದಕ್ಕಿಂತ ಹೆಚ್ಚು ಕಾಲ ನಿಂತ ಇನ್ನೊಂದು ಕಾರಣವಿರಬೇಕು. ಆ ಕಾರಣವು ಸುಣ್ಣದ ಗಾರೆಯ ಒಂದು ಅಚ್ಚು.

ಝಾನ್-ಲೂಯಿ ಲಾನ್ಯೆಲ್ ಎಂಬಾತನು ಮಾರ್ಸೇಲ್ಸಿನವನು. 1764ರಲ್ಲಿ ಹುಟ್ಟಿ 1822ರಲ್ಲಿ ತೀರಿಕೊಂಡ ಬೊಂಬೆಯ ಶಿಲ್ಪಿ. 1797ರ ಸುಮಾರಿಗೆ ಆತನು ಗಾರೆಯಿಂದ ಎರಡು ಹೋಳಿನ ಅಚ್ಚುಗಳನ್ನು ತಯಾರಿಸಿ ಅವುಗಳಲ್ಲಿ ಹಸಿಮಣ್ಣನ್ನು ಒತ್ತಿ ಸಣ್ಣ ಬೊಂಬೆಗಳನ್ನು ತೆಗೆಯತೊಡಗಿದನು. ಕೆಲಸದ ರೀತಿ ಸುಲಭವಾದುದು. ಮೊದಲು ಒಂದು ಮೂಲಬೊಂಬೆಯನ್ನು ಕೈಯಿಂದ ತಿದ್ದಬೇಕು. ಅದರ ಮುಂಭಾಗಕ್ಕೊಂದು, ಬೆನ್ನಿಗೊಂದು ಅಚ್ಚನ್ನು ಎರಕ ಹೊಯ್ಯಬೇಕು. ಆ ಬಳಿಕ ಒಂದು ಹೋಳಿಗೆ ಮಣ್ಣಿನ ಉಂಡೆಯನ್ನು ಒತ್ತಿ, ಇನ್ನೊಂದನ್ನು ಮೇಲಿಟ್ಟು ಬಿಗಿಹಿಡಿದು ಬಿಡಿಸಿದರೆ ಮನುಷ್ಯನು ಹೊರಗೆ ಬರುತ್ತಾನೆ. ಅಂಚಿನಲ್ಲಿ ಉಬ್ಬಿದ ಮಣ್ಣನ್ನು ಚಾಕುವಿನಿಂದ ಕೆರೆದು, ಅಚ್ಚಿನಲ್ಲಿ ಬಾರದ ಬುಟ್ಟಿ, ಡೋಲು, ಚಾಚಿದ ತೋಳು ಮುಂತಾದವನ್ನು ಬೇರೆಯಾಗಿ ಮಾಡಿ ನೀರುಮಣ್ಣಿನಿಂದ ಅಂಟಿಸಿ, ನೆರಳಿನಲ್ಲಿ ಒಣಗಿಸಿ ಬಣ್ಣ ಹಾಕುತ್ತಾರೆ. ಲಾನ್ಯೆಲನ ಬೊಂಬೆಗಳು ಆವಿಗೆಯ ಮುಖವನ್ನು ಕಂಡವಲ್ಲ. ಬಿಸಿಲು ಗಾಳಿಗಳಿಗೆ ಒಣಗಿದವು. ಸೌದೆಯ ವೆಚ್ಚವಿಲ್ಲ, ಗೂಡು ಬೇಡ. ಮಣ್ಣೋ ಊರಿನ ಹೊರಗೆ ಬಿದ್ದಿದೆ. ಆದುದರಿಂದ ಬೆಲೆಯು ಅತ್ಯಲ್ಪವಾಯಿತು. ಇಟಲಿಯಿಂದ ಬರುತ್ತಿದ್ದ ತಿರುಗಾಟದ ವ್ಯಾಪಾರಿಗಳು ಚೆಲುವಾದ ಸಂತರನ್ನು ಕೊಳ್ಳಿರೆಂದು ಕೂಗುತ್ತ ಮಾರುತ್ತಿದ್ದ ದೊಡ್ಡ ಬೊಂಬೆಗಳನ್ನು ಕೊಳ್ಳಲಾರದ ಕೂಲಿಯವನೂ ಬೆಸ್ತನೂ ಈಗ ವರ್ಷಕ್ಕೆ ಒಂದೊಂದನ್ನು ಕೊಂಡು ತನ್ನ ಗೋದಲಿಯನ್ನು ಬೆಳೆಸಬಹುದಾಯಿತು. ಲಾನ್ಯೆಲನ ಅಚ್ಚುಗಳಲ್ಲಿ ಕೆಲವು ಮಾರ್ಸೇಲ್ಸಿನ ವಸ್ತುಸಂಗ್ರಹದಲ್ಲಿ ಉಳಿದುಬಂದಿವೆ.

1803ರಲ್ಲಿ ಮಾರ್ಸೇಲ್ಸಿನ ಸಾಂ-ಲೂಯಿ ಬೀದಿಯಲ್ಲಿ ಸಾಂತೋನ್ ಮಾರುವವರು ಹಬ್ಬದ ಮುಂಚೆ ಮಳಿಗೆಗಳನ್ನು ಹೂಡಿದರು. ಆ ಸಂತೆಯು ಸ್ಥಳವನ್ನು ಹಲವು ಬಾರಿ ಬದಲಾಯಿಸಿತಾದರೂ ಇಂದಿಗೂ ನವೆಂಬರ್ ತಿಂಗಳ ಕೊನೆಯಲ್ಲಿ ಕೂಡುತ್ತದೆ. ಸಂತೆಯಲ್ಲಿ ಬೊಂಬೆಗಳು ಮಾತ್ರ ದೊರೆತರೆ ಸಾಕಾಗಿತ್ತು. ಉಳಿದ ಬೆಟ್ಟ ಹೊಳೆ ಗದ್ದೆಗಳನ್ನು ಮನೆಯವರೇ ಮಾಡಿಕೊಳ್ಳುತ್ತಿದ್ದರು. ಬಡವನ ಮನೆಯ ಗೋದಲಿಗೂ ಸಿರಿವಂತನ ಗೋದಲಿಗೂ ಬೊಂಬೆಗಳ ಎಣಿಕೆಯಲ್ಲಿ ಅಂತರವಿತ್ತೇ ಹೊರತು ಪಾಚಿಯಲ್ಲಿಯೂ ಥೈಮ್ ಕಡ್ಡಿಯಲ್ಲಿಯೂ ಅಂತರವಿರಲಿಲ್ಲ. ಗುಡ್ಡವು ಇಬ್ಬರಿಗೂ ಸಮವಾಗಿ ತೆರೆದಿತ್ತು.

ಲಾನ್ಯೆಲನೂ ಆತನ ಹಿಂದೆ ಬಂದವರೂ ಮಾಡಿದ ದೊಡ್ಡ ಕೆಲಸವು ಅಗ್ಗದ ಬೆಲೆಯೊಂದೇ ಅಲ್ಲ. ಅವರು ಮಾದರಿಗಾಗಿ ನೋಡಿದುದು ತಮ್ಮ ಬೀದಿಯ ಜನರನ್ನು. ನೇಪಲ್ಸಿನ ಕಲಾವಿದರೂ ಸಂತೆಯ ಜನರನ್ನು ಗೋದಲಿಗೆ ತಂದಿದ್ದುದು ನಿಜ. ಆದರೆ ಅಲ್ಲಿ ಅವರು ಅರಮನೆಯವರು ನೋಡಿ ನಲಿಯಲೆಂದು ಬಂದವರು. ಮಾರ್ಸೇಲ್ಸಿನಲ್ಲಿ ಮೀನು ಮಾರುವವಳ ಬೊಂಬೆಯನ್ನು ಕೊಂಡವಳು ಮೀನು ಮಾರುವವಳೇ. ಹಿಟ್ಟಿನ ಚೀಲವನ್ನು ಹೊತ್ತ ಗಿರಣಿಯವನು, ಸಾಣೆ ಹಿಡಿಯುವವನು, ಅಗಸಗಿತ್ತಿ, ನೂಲುವ ಮುದುಕಿ, ನೀರು ಹೊರುವವಳು, ಕೊಳಲನ್ನು ಒಂದು ಕೈಯಲ್ಲಿ ಊದುತ್ತ ಇನ್ನೊಂದರಲ್ಲಿ ಡೋಲು ಬಾರಿಸುವ ವಾದ್ಯಗಾರ, ಮಗನ ಹೆಗಲ ಮೇಲೆ ಕೈಯಿಟ್ಟು ಬರುವ ಕುರುಡ, ಜಿಪ್ಸಿ, ಬೇಟೆಗಾರ, ಒಂದೇ ಕೊಡೆಯ ಕೆಳಗೆ ಬರುವ ಮುದುಕ ಮುದುಕಿ—ಇವರೆಲ್ಲರೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಪ್ರೊವಾನ್ಸಿನ ಉಡುಪಿನಲ್ಲಿಯೇ ಕೊಟ್ಟಿಗೆಯ ಕಡೆಗೆ ನಡೆದಿದ್ದಾರೆ. ಎಲ್ಲರ ಕೈಯಲ್ಲಿಯೂ ಏನಾದರೊಂದು ಕಾಣಿಕೆ: ಬೆಳ್ಳುಳ್ಳಿಯ ಗೊಂಚಲು, ಉಪ್ಪು ಹಾಕಿ ಒಣಗಿಸಿದ ಮೀನು, ಒಂದು ಕುಂಬಳಕಾಯಿ, ಹೊರೆ ಸೌದೆ. ಅರಸರು ಚಿನ್ನವನ್ನು ತರುವುದು ಜನವರಿ ಆರಕ್ಕೆ. ಬೆಳ್ಳುಳ್ಳಿಯು ಅದಕ್ಕೆ ಮುಂಚೆಯೇ ಬಂದಿರುತ್ತದೆ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿಯ ಅಂಗಡಿಯನ್ನು ಹೂಡುವ ಮೈಸೂರಿನ ಮನೆಗಳವರಿಗೆ ಈ ಸಂಗಮವು ವಿಚಿತ್ರವೆನಿಸದು.

ಇವರೆಲ್ಲರ ನಡುವೆ ಬರಿಗೈಯವನು ಒಬ್ಬನಿದ್ದಾನೆ. ಅವನ ಹೆಸರು ರಾವಿ. ಬೆರಗುಗೊಂಡವನು ಎಂದು ಅದರ ಅರ್ಥ. ಬುದ್ಧಿ ಸಾಲದ ಬಡವ, ಊರಿನವರ ನಗೆಗೆ ಗುರಿಯಾದವನು. ಎರಡು ತೋಳುಗಳನ್ನೂ ಆಕಾಶಕ್ಕೆ ಎತ್ತಿ, ಬಾಯಿ ತೆರೆದು ಅವನು ನಿಂತಿರುತ್ತಾನೆ. ಕಾಣಿಕೆಯಿಲ್ಲದ ಈತನನ್ನು ಬಿಟ್ಟರೆ ಗೋದಲಿಯು ಪೂರ್ಣವಲ್ಲವೆಂದು ಅಲ್ಲಿಯವರ ಎಣಿಕೆ. ಎತ್ತಿದ ತೋಳುಗಳೇ ಬೊಂಬೆಯಲ್ಲಿ ಮೊದಲು ಮುರಿಯುವ ಭಾಗವಾದುದರಿಂದ ಪೆಟ್ಟಿಗೆಯಿಂದ ತೆಗೆಯುವಾಗ ಮನೆಯವರು ಎಲ್ಲರಿಗಿಂತಲೂ ಹೆಚ್ಚಾಗಿ ಇವನ ವಿಷಯದಲ್ಲಿ ಎಚ್ಚರದಿಂದ ಇರಬೇಕಾಗುತ್ತದೆ.

ಬೊಂಬೆಗಳ ಸ್ವಭಾವವನ್ನು ಗೊತ್ತುಮಾಡಿದುದರಲ್ಲಿ ನಾಟಕಕ್ಕೂ ಒಂದು ಪಾಲುಂಟು. ಹದಿನೇಳನೆಯ ಶತಮಾನದಲ್ಲಿ ಅವಿನ್ಯೋನ್ ನಗರದ ನಿಕೊಲಾ ಸಾಬೊಲಿಯು ಪ್ರೊವಾನ್ಸಾಲ್ ಭಾಷೆಯಲ್ಲಿ ರಚಿಸಿದ ಕ್ರಿಸ್ಮಸ್ ಹಾಡುಗಳಲ್ಲಿಯೇ ನಾಡಿನ ಕುರುಬರು ಬೇತ್ಲೆಹೇಮಿಗೆ ಹೊರಟಿದ್ದರು. 1844ರಲ್ಲಿ ಆಂತ್ವಾನ್ ಮೊರೆಲ್ ಎಂಬಾತನು ಮಾರ್ಸೇಲ್ಸಿನ ಕಾರ್ಮಿಕರ ಕೂಟಕ್ಕಾಗಿ ಅದೇ ಭಾಷೆಯಲ್ಲಿ ಒಂದು ಗೋಪನಾಟಕವನ್ನು ಬರೆದನು. ಕುರುಡ, ಜಿಪ್ಸಿ, ಸಾಣೆಯವ, ಗಿರಣಿಯವ ಮೊದಲಾದವರಿಗೆ ಅದರಲ್ಲಿ ಮಾತೂ ಗುಣವೂ ದೊರೆತುವು. ಅಲ್ಲಿಂದ ಅವರು ಮರಳಿ ಮಣ್ಣಿನ ರೂಪದಲ್ಲಿ ಮನೆಗಳಿಗೆ ಬಂದರು. ನಾಟಕವನ್ನು ನೋಡಿ ಬಂದ ಮಗುವಿಗೆ ಮೇಜಿನ ಮೇಲಿನ ಬೊಂಬೆಯ ಮಾತು ಕೇಳಿಸುತ್ತಿದ್ದುದರಲ್ಲಿ ಆಶ್ಚರ್ಯವೇನು? ಆ ನಾಟಕವನ್ನು ಇಂದಿಗೂ ಆಡುತ್ತಾರೆ.

ಅರ್ಲ್ ನಗರದಲ್ಲಿ ಮಹಾಕವಿ ಮಿಸ್ತ್ರಾಲನು 1899ರಲ್ಲಿ ತೆರೆದ ಜನಜೀವನದ ವಸ್ತುಸಂಗ್ರಹದಲ್ಲಿ ಕ್ರಿಸ್ಮಸ್ ರಾತ್ರಿಯ ಮನೆಯೊಂದನ್ನು ಆಳೆತ್ತರದ ಬೊಂಬೆಗಳಿಂದ ಅಣಿಗೊಳಿಸಲಾಗಿತ್ತು. ನೊಬೆಲ್ ಬಹುಮಾನದ ಹಣವನ್ನು ಆತನು ಈ ಸಂಗ್ರಹಕ್ಕೇ ವೆಚ್ಚಮಾಡಿದನು. ಪ್ರೊವಾನ್ಸಾಲ್ ಭಾಷೆಯು ಶಾಲೆಗಳಿಂದ ಹೊರಗೆ ತಳ್ಳಲ್ಪಡುತ್ತಿದ್ದ ಕಾಲವದು. ನಾಡಿನ ಪದ್ಧತಿಗಳನ್ನು ಕಲೆಹಾಕುವ ಆತುರವು ಸಹಜವಾಗಿಯೇ ಹೆಚ್ಚಿತು. ಆದರೆ ಹೀಗೆ ಕಲೆಹಾಕುವವರು ಪದ್ಧತಿಗಳಿಗೆ ಇಲ್ಲದ ವಯಸ್ಸನ್ನು ಕೊಟ್ಟುದೂ ಉಂಟು. ಹಬ್ಬದ ರಾತ್ರಿಯ ಊಟದ ಕೊನೆಗೆ ಹದಿಮೂರು ಬಗೆಯ ಸಿಹಿಹಣ್ಣುಗಳು ಇರಬೇಕೆಂಬುದನ್ನು ಅನಾದಿಯೆಂದು ನಂಬುವವರು ಬಹಳ. 1683ರಲ್ಲಿ ಮಾರ್ಸೇಲ್ಸಿನ ಆಚಾರಗಳನ್ನು ಕುರಿತು ಬರೆದ ಮಾರ್ಕೆತಿ ಎಂಬ ಪಾದ್ರಿಯು ಮೂರು ಮೇಜುಬಟ್ಟೆಗಳನ್ನೂ ಹದಿಮೂರು ರೊಟ್ಟಿಗಳನ್ನೂ ಹೇಳುತ್ತಾನೆ. ಹದಿಮೂರು ಸಿಹಿಗಳೆಂಬ ಎಣಿಕೆಯು ಅಚ್ಚಿನಲ್ಲಿ ಕಾಣುವುದು 1925ರಲ್ಲಿ. ಸಾಂತೋನರ ಉಡುಪೂ ಹಾಗೆಯೇ. ಅದು ಅನಾದಿಯಲ್ಲ, ಒಂದು ತಲೆಮಾರಿನ ದಿನಬಳಕೆಯ ಬಟ್ಟೆಯು ಅಚ್ಚಿನಲ್ಲಿ ಸಿಕ್ಕಿ ಅಲ್ಲಿಯೇ ನಿಂತುಬಿಟ್ಟಿತು. ಸಾಣೆಯವನೂ ನೀರು ಹೊರುವವಳೂ ಬೀದಿಯಿಂದ ಮರೆಯಾದರು. ಮೇಜಿನ ಮೇಲೆ ಉಳಿದರು. ಈಗಿನ ಮಕ್ಕಳಿಗೆ ನೂಲುವ ರಾಟೆಯನ್ನು ತೋರಿಸಬೇಕಾದರೆ ಗೋದಲಿಯ ಪೆಟ್ಟಿಗೆಯನ್ನು ಬಿಚ್ಚಬೇಕು.

ಒಣಮಣ್ಣಿನ ಬೊಂಬೆಗೆ ಆಯುಸ್ಸು ಕಡಮೆ. ಜಾರಿ ಬಿದ್ದರೆ ಚೂರು. ತೇವ ತಗಲಿದರೆ ಬಣ್ಣ ಎದ್ದುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾರ್ಸೇಲ್ಸಿನ ಹತ್ತಿರದ ಓಬಾನ್ಯ ಎಂಬ ಕುಂಬಾರಿಕೆಯ ಊರಿನಲ್ಲಿ ತೆರೇಸ್ ನೆವು ಎಂಬಾಕೆಯು ಸಾಂತೋನರನ್ನು ಆವಿಗೆಯಲ್ಲಿ ಸುಡತೊಡಗಿದಳು. ಆಕೆ 1866ರಲ್ಲಿ ಹುಟ್ಟಿ 1946ರವರೆಗೆ ಬಾಳಿದವಳು. 1895ರಲ್ಲಿ ಪಿಂಗಾಣಿಯ ಜೀರುಂಡೆಯನ್ನು ಮಾಡಿ ಅದನ್ನು ಪ್ರೊವಾನ್ಸಿನ ಲಾಂಛನವೆನ್ನುವಷ್ಟು ಪ್ರಸಿದ್ಧಿಗೆ ತಂದ ಲೂಯಿ ಸಿಕಾರನು ಆಕೆಯ ಸೋದರ. ಸುಟ್ಟ ಬೊಂಬೆಯು ದೂರದೂರಿಗೆ ಪ್ರಯಾಣಮಾಡಬಲ್ಲದಾಯಿತು, ಅಜ್ಜಿಯಿಂದ ಮೊಮ್ಮಗಳಿಗೆ ದಾಟಬಲ್ಲದಾಯಿತು. ಇದರಿಂದ ಲಾಭವೂ ಆಯಿತು, ಒಂದು ಬಗೆಯ ನಷ್ಟವೂ ಆಯಿತು. ಗಟ್ಟಿಯಾದ ಬೊಂಬೆಯು ಬೆಲೆಯುಳ್ಳ ಬೊಂಬೆ. ಬೆಲೆಯುಳ್ಳುದನ್ನು ಮಕ್ಕಳ ಕೈಗೆ ಕೊಡುವುದಕ್ಕೆ ದೊಡ್ಡವರು ಹಿಂಜರಿಯುತ್ತಾರೆ. ಸಂಗ್ರಾಹಕರು ಹುಟ್ಟಿದರು, ಸಹಿಯುಳ್ಳ ಬೊಂಬೆಗಳು ಬಂದುವು, ಗಾಜಿನ ಬೀರುವಿನಲ್ಲಿ ವರ್ಷವೆಲ್ಲ ನಿಂತ ಸಾಂತೋನರನ್ನೂ ಕಾಣಬಹುದಾಯಿತು. ಸಿದ್ಧವಾದ ಕಾಗದದ ಬೆಟ್ಟವೂ ಪ್ಲಾಸ್ಟಿಕ್ಕಿನ ಪಾಚಿಯೂ ಈಗ ಅಂಗಡಿಯಲ್ಲಿ ದೊರೆಯುತ್ತವೆ. ಹೀಗಿದ್ದರೂ ತಟ್ಟೆಯ ಗೋಧಿಯನ್ನು ಮಾತ್ರ ಬೆಳೆದೇ ತೀರಬೇಕು. ಅದು ಮೂರು ವಾರಗಳ ನೀರನ್ನು ಬೇಡುತ್ತದೆ.

ಕನ್ನಡ ಕರಾವಳಿಯ ಕ್ರೈಸ್ತರ ಮನೆಗಳ ಗೋದಲಿಯು ಪ್ರೊವಾನ್ಸಿನಿಂದ ಬಂದುದಲ್ಲ. ಗೋವೆಯ ಮೂಲಕ ಪೋರ್ಚುಗೀಸರ ಕಾಲದ ಕಥೊಲಿಕ ಸಂಪ್ರದಾಯದೊಡನೆ ಬಂದುದು. ಎರಡೂ ಒಂದೇ ಬೇರಿನ ಕೊಂಬೆಗಳಾದರೂ ನಡುವೆ ಮಾತುಕತೆ ನಡೆದುದಿಲ್ಲ. ಹೀಗಿರಲು ಮಂಗಳೂರಿನ ಕಡೆಯ ಕೆಲವು ಮನೆಗಳಲ್ಲಿ ಮಕ್ಕಳು ಹಬ್ಬಕ್ಕೆ ಮುಂಚೆ ಬತ್ತವನ್ನೋ ರಾಗಿಯನ್ನೋ ಮೊಳೆಯಿಸಿ ಗೋದಲಿಯ ಮುಂದೆ ಗದ್ದೆಯನ್ನು ಮಾಡುವುದು ಗಮನಿಸತಕ್ಕ ವಿಷಯ. ಒಣಹುಲ್ಲಿನ ಮಾಡು, ಕೆಂಪುಮಣ್ಣಿನ ದಾರಿ, ಬಿದಿರಿನ ಕಡ್ಡಿಗಳಿಗೆ ಬಣ್ಣದ ಕಾಗದವನ್ನು ಅಂಟಿಸಿ ಕಟ್ಟಿದ ನಕ್ಷತ್ರ—ಇವೂ ಮನೆಯ ಕೈಕೆಲಸವೇ. ದೀಪಾವಳಿಗೆ ನೆರೆಯ ಮನೆಯವರು ಗೂಡುದೀಪವನ್ನು ಕಟ್ಟುವುದೂ ಇದೇ ಬಿದಿರು, ಇದೇ ಕಾಗದಗಳಿಂದ; ನಕ್ಷತ್ರಕ್ಕೆ ಮೂಲೆಗಳು ಬೇರೆ, ಅಂಟು ಒಂದೇ.

ಗೋದಲಿಯ ಸ್ಥಾನವು ಎಲ್ಲಿ ಎಂಬ ಹಳೆಯ ಪ್ರಶ್ನೆಯು ಫ್ರಾನ್ಸಿನಲ್ಲಿ ಮುಗಿದಿಲ್ಲ. 1905ರಲ್ಲಿ ಅಲ್ಲಿಯ ಸರಕಾರವು ಧರ್ಮಸಂಸ್ಥೆಗೂ ರಾಜ್ಯಕ್ಕೂ ಸಂಬಂಧವನ್ನು ಕಡಿದು ಶಾಸನವನ್ನು ಮಾಡಿತು. ಪುರಭವನಗಳಲ್ಲಿ ಗೋದಲಿಯನ್ನು ಇಡುವುದು ಈ ಶಾಸನಕ್ಕೆ ವಿರುದ್ಧವೆಂದು ಕೆಲವರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. 2016ರ ನವೆಂಬರ್ 9ರಂದು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವು ಎರಡು ತೀರ್ಪುಗಳನ್ನು ಕೊಟ್ಟಿತು: ತಾತ್ಕಾಲಿಕವಾಗಿದ್ದು, ಸಂಸ್ಕೃತಿಯ, ಕಲೆಯ, ಇಲ್ಲವೆ ಹಬ್ಬದ ಸ್ವರೂಪದ್ದಾಗಿದ್ದು, ಯಾವ ಮತಕ್ಕೂ ಮನ್ನಣೆಯನ್ನು ಸೂಚಿಸದಿದ್ದರೆ ಇಡಬಹುದು, ಸ್ಥಳದ ರೂಢಿಯನ್ನೂ ನೋಡಬೇಕು. ಈ ರೂಢಿಯೆಂಬ ಮಾತು ಪ್ರೊವಾನ್ಸಿನವರಿಗೆ ಅನುಕೂಲವಾಗಿಯೇ ಇದೆ. ವಾದವು ಏನೇ ಇರಲಿ, ಅದು ಸಾರ್ವಜನಿಕ ಕಟ್ಟಡಗಳಿಗೆ ಮಾತ್ರ ಸಂಬಂಧಪಟ್ಟುದು. ಮನೆಯ ಹಲಗೆಯ ಮೇಲಿನ ಊರಿನಲ್ಲಿ ಮಹಾಕ್ರಾಂತಿಯ ಮೂರು ಬಣ್ಣದ ಪಟ್ಟಿಯನ್ನು ಸೊಂಟಕ್ಕೆ ಸುತ್ತಿದ ಪುರಾಧ್ಯಕ್ಷನೂ ಕರಿಯ ನಿಲುವಂಗಿಯ ಪಾದ್ರಿಯೂ ಬಹುಕಾಲದಿಂದ ಇದ್ದಾರೆ. ಅವರಿಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಬೇಕೋ ಹೊಳೆಯ ಆಚೆಗೊಬ್ಬನನ್ನು ಈಚೆಗೊಬ್ಬನನ್ನು ನಿಲ್ಲಿಸಬೇಕೋ ಎಂಬುದನ್ನು ಆಯಾ ಮನೆಯವರು ವರ್ಷವರ್ಷವೂ ಪಾಚಿಯನ್ನು ಹಾಸಿದ ಮೇಲೆ ಗೊತ್ತುಮಾಡುತ್ತಾರೆ.